ಕಾಫಿ ಕಣದಲ್ಲಿ ನುಡಿಸಿ ನೋಡಿದ ಗಿಟಾರ್

ಆ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಂಥದ್ದೋ ಅಲ್ಲವೋ ಎಂದು ನೋಡಿ ಹೇಳಲು ಗೆಳೆಯ ನನ್ನನ್ನು ಕೇಳಿಕೊಂಡಿದ್ದ. ಅವನು ಮೂಡಿಗೆರೆಯಲ್ಲಿ ಜೀಪ್ ಮೆಕ್ಯಾನಿಕ್. ಮದುವೆಗಳ ಕಾಲದಲ್ಲಿ ಆರ್ಕೆಸ್ಟ್ರಾ ಒಂದರಲ್ಲಿ ನುಡಿಸುತ್ತಿದ್ದ. ನಾನು ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವನು. ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದೆ. ಆ ಡಿಗ್ರಿಯನ್ನು ನನಗಿಂತ ಹೆಚ್ಚು ನಂಬಿದವನು ಅವನು.

ಅವನ ಹಳೆಯ ಗಿಟಾರಿನ ಕತ್ತು ನಮ್ಮ ಮಳೆಗಾಲದ ಥಂಡಿಗೆ ಬಾಗಿ, ಮೇಲಿನ ಸ್ವರಗಳೆಲ್ಲ ಅಪಸ್ವರವಾಗಿದ್ದವು. ದೇವರಮನೆ ದಾರಿಯಲ್ಲಿ ಹೋಂಸ್ಟೇ ನಡೆಸುವವರೊಬ್ಬರು ತಮ್ಮದನ್ನು ಮಾರುವವರಿದ್ದರು. ಅರವತ್ತು ವರ್ಷ ಹಿಂದಿನ ಮಾದರಿಯನ್ನು ಕಂಪನಿಯೇ ಈಗ ಮತ್ತೆ ತಯಾರಿಸಿದ ರೀಇಶ್ಯೂ ಅದು. ಕತ್ತಿಗೆ ಹಳದಿಗಟ್ಟಿದಂಥ ಬಣ್ಣ, ಮಂಕಾದ ಸ್ಕ್ರೂಗಳು. ಹೊಸದನ್ನೇ ಹಳತು ಮಾಡಿದ್ದರು. ಫೋಟೊ ನೋಡಿ ಅವನು, “ಹೊಸ ಜೀಪಿಗೆ ತುಕ್ಕು ಹಿಡ್ಸಿ ಮಾರಿದಂಗಾಯ್ತಲ್ಲ ಮಾರಾಯ” ಅಂದ. ಆದರೂ ದಿನಕ್ಕೆ ನಾಲ್ಕು ಸಲ ಆ ಫೋಟೊ ತೆಗೆದು ನೋಡುತ್ತಿದ್ದ.

ನಾನು ಒಂದು ವಾರ ಆ ಬಗೆಯ ಗಿಟಾರುಗಳ ಬಗ್ಗೆ ಓದಿದೆ. ತಂತಿಯ ನಾದ ಹಿಡಿದು ಆಂಪ್ಲಿಫೈಯರಿಗೆ ಕೊಡುವ ಹಳೆಯ ಮಾದರಿಯ ಪಿಕಪ್ಪುಗಳಲ್ಲಿ ಸಣ್ಣ ಗುಂಯ್‌ಗುಡುವಿಕೆ ಇರುತ್ತದೆ, ಅದು ದೋಷವಲ್ಲ, ತಂತಿ ಮುಟ್ಟಿದರೆ ಅದು ಕಡಿಮೆಯಾಗಬೇಕು ಎಂದು ತಿಳಿದುಕೊಂಡೆ. ಈ ವಾಕ್ಯದ ಮೊದಲ ಭಾಗ ನನ್ನಲ್ಲಿ ಗಟ್ಟಿಯಾಗಿ ನಿಂತಿತು.

ಜೋರಾಗಿ ನುಡಿಸಿ ನೋಡಬೇಕು ಎಂಬುದು ಅವನ ಆಸೆ. ಹೋಂಸ್ಟೇಯಲ್ಲಿ ಅತಿಥಿಗಳಿದ್ದರು. ನಮ್ಮ ಎಸ್ಟೇಟಿನ ಕಣಕ್ಕೇ ಬನ್ನಿ ಎಂದು ಕರೆದವನು ನಾನು. ಕೊಯ್ಲು ಶುರುವಾಗುವ ಮುಂಚಿನ ವಾರ ಅದು. ಕಾಫಿ ಒಣಗಿಸುವ ಸಿಮೆಂಟಿನ ಕಣವನ್ನು ಬೆಳಿಗ್ಗೆಯಷ್ಟೇ ಆಳುಗಳು ತಿಕ್ಕಿ ತೊಳೆದಿದ್ದರು. ತಗ್ಗಿದ್ದಲ್ಲಿ ಇನ್ನೂ ನೀರು ನಿಂತಿತ್ತು. ಗೆಳೆಯ ತನ್ನ ಹಳೆಯ ಆಂಪ್ಲಿಫೈಯರ್ ತಂದಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ನಾನೇ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಟ್ಟೆ. ಅದರಲ್ಲಿ ಎರಡೇ ವೈರು ಇದ್ದದ್ದು, ಅರ್ಥಿಂಗ್ ಇಲ್ಲದ್ದು ನನಗೆ ಗೊತ್ತಿತ್ತು. ಎಸ್ಟೇಟಿನಲ್ಲಿ ಎಲ್ಲವೂ ಅದರಲ್ಲೇ ನಡೆಯುತ್ತಿತ್ತು.

ಅವನು ಕಣದ ಅಂಚಿಗೆ ನಿಲ್ಲಿಸಿದ್ದ ತನ್ನ ಜೀಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನುಡಿಸಿದ. ನಾನು ಗಿಟಾರಿನ ಕತ್ತನ್ನು ಕಣ್ಣಿಗೆ ಹಿಡಿದು ನೇರವಿದೆಯೇ ನೋಡಿದೆ. ಬಿರಡೆಗಳನ್ನು ತಿರುಗಿಸಿ ನೋಡಿದೆ. ಮಾರುವವರು ದೂರ ನಿಂತು ನಗುತ್ತಿದ್ದರು. ಮೂರು ವರ್ಷದಲ್ಲಿ ತಾವೇ ಅಷ್ಟು ಪರೀಕ್ಷೆ ಮಾಡಿರಲಿಲ್ಲವಂತೆ. ಅಷ್ಟರಲ್ಲಿ ಗೆಳೆಯ ಬೆರಳು ಕೊಡವಿದ.

“ತಂತಿ ಜುಂ ಅಂತಿದೆ ಮಾರಾಯ.”

ಅವನು ತಂತಿ ಮುಟ್ಟಿದಾಗ ಗುಂಯ್‌ಗುಡುವಿಕೆ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಅದು ನನ್ನ ಕಿವಿಗೆ ಬಿದ್ದಿತ್ತು. ಈಗಲೂ ಬೀಳುತ್ತದೆ.

“ಹಳೇ ಮಾಡೆಲ್ ಅಂದ್ರೆ ಹಂಗೇ. ಅದಕ್ಕೇ ಅಲ್ವಾ ಇಷ್ಟು ರೇಟು” ಅಂದೆ.

ಅವನು ನಕ್ಕ. ಮದುವೆ ಮನೆಯಲ್ಲಿ ನಿಂತು ನುಡಿಸುವಂತೆ ಒಮ್ಮೆ ನುಡಿಸಿಬಿಡುತ್ತೇನೆ, ಆಮೇಲೆ ಹೌದು ಅಲ್ಲ ಹೇಳುತ್ತೇನೆ ಎಂದು ಶೂ ಬಿಚ್ಚತೊಡಗಿದ. ಕಾಫಿ ಹರವುವ ಜಾಗಕ್ಕೆ ನಮ್ಮಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ, ಸಾಹುಕಾರರೂ ಇಳಿಯುವುದಿಲ್ಲ. ದಪ್ಪ ರಬ್ಬರ್ ಅಟ್ಟೆಯ ವರ್ಕ್‌ಶಾಪಿನ ಶೂಗಳನ್ನು ಅವನು ಜೋಡಿಯಾಗಿ ಪಕ್ಕಕ್ಕಿಟ್ಟ. ಬರಿಗಾಲಲ್ಲಿ ತೊಳೆದ ಕಣಕ್ಕೆ ಇಳಿದು ತಂತಿಯ ಮೇಲೆ ಕೈ ಇಟ್ಟ.

ಅವನ ಕತ್ತು ಹಿಂದಕ್ಕೆ ಬಾಗಿತು, ಹಲ್ಲು ಕಚ್ಚಿದ. ವೇದಿಕೆಯ ಮೇಲೆ ನುಡಿಸುವಾಗ ಅವನು ಮಾಡುತ್ತಿದ್ದ ಮುಖವೇ ಅದು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಕಣದ ಆಚೆ ತುದಿಯಲ್ಲಿದ್ದ ಮೇಸ್ತ್ರಿ, ಶಾಲೆಯ ಮುಖ ನೋಡದ ಮನುಷ್ಯ, ಓಡಿಬಂದು ಕಾಫಿ ಎಳೆಯುವ ಮರದ ಹಲಗೆಯಿಂದ ಗಿಟಾರಿಗೆ ಹೊಡೆದು ಅದನ್ನು ಅವನ ಕೈಯಿಂದ ಬಿಡಿಸಿದರು. ಸ್ವಿಚ್ ನನ್ನಿಂದ ಐದು ಹೆಜ್ಜೆ ದೂರದಲ್ಲಿತ್ತು. ಆ ಐದು ಹೆಜ್ಜೆಯನ್ನು ಆಮೇಲೆ ಎಷ್ಟೋ ಸಲ ನಡೆದು ನೋಡಿದ್ದೇನೆ. ಒಂದು ಉಸಿರಿನಷ್ಟೂ ಹೊತ್ತಾಗುವುದಿಲ್ಲ.

ಅವನದೇ ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಅವನ ಎದೆ ಒತ್ತುತ್ತಲೇ ಇದ್ದೆ. ಆಸ್ಪತ್ರೆಯವರು ನನ್ನ ಕೈ ಹಿಡಿದು ನಿಲ್ಲಿಸಬೇಕಾಯಿತು.

ಆಂಪ್ಲಿಫೈಯರಿನ ಒಳಗೆ ಕರೆಂಟು ಅದರ ಲೋಹದ ಡಬ್ಬಿಗೆ ತಗುಲುತ್ತಿತ್ತು, ಅರ್ಥಿಂಗ್ ಇಲ್ಲದ್ದರಿಂದ ಅದು ತಂತಿಗೆ ಬಂತು ಎಂದು ಪರೀಕ್ಷಿಸಿದ ಎಲೆಕ್ಟ್ರಿಷಿಯನ್ ವಿವರಿಸಿದರು. ನನಗೆ ವಿವರಿಸುವ ಅಗತ್ಯವಿರಲಿಲ್ಲ. ಎರಡನೇ ವರ್ಷದ ಪರೀಕ್ಷೆಯಲ್ಲಿ ನಾನೇ ಬರೆದಿದ್ದ ಉತ್ತರ ಅದು.

ಗಿಟಾರಿಗೆ ಏನೂ ಆಗಿರಲಿಲ್ಲ. ಮಾರುವವರು ಅದನ್ನು ವಾಪಸು ಒಯ್ಯಲಿಲ್ಲ. ಅವನ ಮನೆಯವರಿಗೆ ಬೇಕೆನಿಸಿದರೆ ಇಟ್ಟುಕೊಳ್ಳಲಿ, ಬೇಡವಾದರೆ ತಿಳಿಸಿ ಎಂದು ನನಗೆ ಹೇಳಿದರು. ಗಂಡ ತೀರಿಕೊಂಡ ಮೇಲೆ ಮುಸ್ಲಿಂ ಹೆಂಗಸರು ಪರಪುರುಷರ ಮುಂದೆ ಬಾರದೆ ಕಳೆಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವನ ಹೆಂಡತಿಗೆ ಮುಗಿಯುವವರೆಗೆ ನಾನು ಆ ಮನೆಗೆ ಹೋಗುವಂತಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಕಟ್ಟಳೆ ನನಗೆ ಅನುಕೂಲವೇ ಆಯಿತು. ಕಾಫಿ ಹೂಬಿಟ್ಟ ವಾರ ಹೋದೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಹೆಂಡತಿ ಟೀ ಕೊಟ್ಟರು. ಗಿಟಾರಿನ ವಿಷಯ ತಿಳಿಸಿದೆ. ಅವರು ಕೇಳಿದರು:

“ನೀವು ಓದಿದವ್ರು ಅಣ್ಣ. ಅದು ತಗೊಳ್ಳೋ ಅಂಥದ್ದಾ?”

ಅವನು ನನ್ನನ್ನು ಕೇಳಿದ್ದೂ ಅದನ್ನೇ. ಚೆನ್ನಾಗಿದೆ, ಗಿಟಾರಿನದ್ದು ಏನೂ ತಪ್ಪಿಲ್ಲ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು; ಅವರಿಗೆ ಅವನು ಕೊನೆಯ ಸಲ ಮುಟ್ಟಿದ ವಸ್ತು ಒಂದು ಸಿಗುತ್ತಿತ್ತು. ಆದರೆ ನನ್ನ ಮಾತನ್ನು ಆ ಮನೆ ಇನ್ನೊಮ್ಮೆ ನಂಬುವುದನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ. ತಂತಿ ಜುಂ ಎನ್ನುತ್ತಿದೆ ಎಂದು ಅವನು ಅಂದದ್ದು, ನಾನು ಅದನ್ನೇ ಗುಣವೆಂದು ಹೊಗಳಿದ್ದು, ಎಲ್ಲ ಹೇಳಿದೆ.

“ನೀವು ಹಂಗನ್ನದೇ ಇದ್ದಿದ್ರೆ ಅವ್ರು ಇಳೀತಿರ್ಲಿಲ್ವಾ?”

“ಇಳೀತಿದ್ದ. ಆದ್ರೆ ಮೊದ್ಲು ಸ್ವಿಚ್ ಆರಿಸ್ತಿದ್ದ.”

ಅವರು ನನ್ನ ಮುಂದಿದ್ದ ಲೋಟ ತೆಗೆದುಕೊಂಡು ಎದ್ದರು. ಒಳಬಾಗಿಲಲ್ಲಿ ನಿಂತು, “ಬೇಡ ಅಂತ ಹೇಳ್ಬಿಡಿ ಅವ್ರಿಗೆ” ಅಂದರು. ಆಮೇಲೆ, “ನೀವೂ ಸ್ವಲ್ಪ ದಿವ್ಸ ಈ ಕಡೆ ಬರ್ಬೇಡಿ ಅಣ್ಣ” ಅಂದರು.

ಎಷ್ಟು ದಿವಸ ಎಂದು ನಾನು ಕೇಳಲಿಲ್ಲ.