ಡಬ್ಬಿಯ ಸಿಹಿನೀರು

ಪಕ್ಕದ ಮನೆಯ ಎಸಿಯ ನೀರು ನಮ್ಮ ತಗಡಿನ ಮೇಲೆ ಟಪ್ ಟಪ್ ಎಂದು ಬೀಳುವಾಗ ನನಗೆ ಒದ್ದೆ ಗೋಣಿಯ ವಾಸನೆ ನೆನಪಾಗುತ್ತದೆ. ಮಲ್ಲಿಗೆಯ ಪರಿಮಳ ನೆನಪಾಗಬೇಕಿತ್ತು, ಹೇಳಲಿಕ್ಕೆ ಅದೇ ಚಂದ. ಆದರೆ ಮಸ್ಕತ್ತಿನ ಹಮ್ರಿಯಾದಲ್ಲಿ ನಾವಿದ್ದಾಗ ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿದ್ದ ಮಲ್ಲಿಗೆ ಗಿಡ ಹೂ ಬಿಟ್ಟದ್ದನ್ನು ನಾನು ನೋಡಿಯೇ ಇಲ್ಲ. ಅಣ್ಣ ನೋಡಿದ್ದಾನಂತೆ. ಕ್ರಿಸ್ಮಸ್ಸಿಗೆ ಎಲ್ಲರೂ ಸೇರಿದಾಗ ಅವನ ಬಾಯಲ್ಲಿ ಹೂ ಹೆಚ್ಚುತ್ತಲೇ ಹೋಗುತ್ತದೆ. ಕಳೆದ ಸಲ ಮಾಲೆಯ ಒಂದು ಚೆಂಡು ಕಟ್ಟುವಷ್ಟಾಗಿತ್ತು. ಕೊನೆಗೆ "ಪಾಪ, ಚಳಿಗೆ ಸತ್ತಿತು" ಎಂದು ನಿಟ್ಟುಸಿರು ಬಿಡುತ್ತಾನೆ. ಮಸ್ಕತ್ತಿನಲ್ಲಿ ಎಂಥ ಚಳಿ, ಮಾರಾಯ. ಅದು ಹೇಗೆ ಸತ್ತಿತೆಂದು ನನಗೆ ಗೊತ್ತು.

ಮಮ್ಮಿ ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯವಳು, ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತ ಬೆಳೆದವಳು. ರಜೆಗೆ ಊರಿಗೆ ಹೋದಾಗ ತಾಯಿಮನೆಯ ಗಿಡದಿಂದ ಒಂದು ಗೆಲ್ಲು ಕಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹ್ಯಾಂಡ್‌ಬ್ಯಾಗಿನಲ್ಲಿ ತರುತ್ತಿದ್ದಳು. ಹಾಗೆ ಬಂದ ಎರಡು ಗಿಡಗಳು ಬೆಂಕಿಯಂಥ ಬೇಸಗೆಯನ್ನು ದಾಟಿ, ಸ್ವೆಟರ್ ಹಾಕಿದರೆ ಬೆವರುವ ಜನವರಿಯಲ್ಲಿ ಸತ್ತವು. ಚಳಿಯೇ ಕಾರಣವೆಂದು ತೀರ್ಮಾನಿಸಿದ ಮಮ್ಮಿ ಮೂರನೆಯದಕ್ಕೆ ಡಿಸೆಂಬರ್ ಬರುವ ಮೊದಲೇ ಅಕ್ಕಿಯ ಗೋಣಿ, ಹಳೆಯ ಬೆಡ್‌ಶೀಟು, ಅದರ ಮೇಲೆ ಪಪ್ಪನ ಮಫ್ಲರು ಸುತ್ತಿದಳು. ಅಷ್ಟು ಹೊತ್ತಿಗೆ ಅಜ್ಜಿ ತೀರಿಹೋಗಿದ್ದರು. ಮಾವಂದಿರು ಜಾಗ ಪಾಲು ಮಾಡಿ, ಮನೆ ಕಟ್ಟಲಿಕ್ಕೆಂದು ಮಲ್ಲಿಗೆಯನ್ನೆಲ್ಲ ಕಿತ್ತಿದ್ದರು. ಇನ್ನು ಕಡಿದು ತರಲು ಗೆಲ್ಲು ಇರಲಿಲ್ಲ. ಉಳಿದದ್ದು ಬಾಲ್ಕನಿಯ ಇದೊಂದೇ.

ಗ್ಯಾಸ್ ಸಿಲಿಂಡರ್ ಹೊತ್ತು ಬಂದ ಕಟ್ಟಡದ ಕಾವಲುಗಾರ, ಉಳ್ಳಾಲದ ಮೂಸಾಕ, ಗಿಡವನ್ನು ನೋಡಿ, "ಬಾಯಮ್ಮ, ಇದಕ್ಕೆ ಕಂಬಳಿ ಯಾಕೆ? ಜ್ವರ ಬಂದಿದೆಯಾ?" ಎಂದರು. ಆಮೇಲೆ ಚಟ್ಟಿಯ ಮಣ್ಣಿನ ಮೇಲಿನ ಬಿಳಿ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ ತೋರಿಸಿದರು. "ಉಪ್ಪು ಇದು. ಬೇಸಗೆ ಇಡೀ ಎಸಿಯ ನೀರು ಕುಡಿದು ಬದುಕ್ತದೆ. ಈಗ ಎಸಿ ಬಂದ್. ನೀವು ಟ್ಯಾಂಕರಿನ ಉಪ್ಪುನೀರು ಕೊಡ್ತೀರಿ."

ನಿಜವಾಗಿಯೂ ನಾವ್ಯಾರೂ ಇದನ್ನು ಯೋಚಿಸಿರಲಿಲ್ಲ. ಎಸಿಯ ಕೊಳವೆ ಚಟ್ಟಿಗೆ ಬಿದ್ದಿತ್ತು, ಗಿಡ ತಾನಾಗಿ ಬೆಳೆಯುತ್ತದೆ ಅಂದುಕೊಂಡಿದ್ದೆವು. ಮರುದಿನದಿಂದ ಮಮ್ಮಿ ಚಳಿಗಾಲದಲ್ಲೂ ಎಸಿ ಹಾಕಿದಳು. ನೀರು ಸಾಲದೆಂದು ಒಗೆದ ಬಟ್ಟೆಯನ್ನೆಲ್ಲ ಕೋಣೆಯೊಳಗೇ ಹರವಿದಳು, ಎಸಿ ಅದರ ಪಸೆಯನ್ನು ಹೀರಿ ಕೊಳವೆಯಡಿ ಇಟ್ಟ ಹಾಲುಪುಡಿಯ ಡಬ್ಬಿಗೆ ಇಳಿಸಲೆಂದು. ಬಾಟಲಿ ನೀರು ತರುತ್ತೇನೆಂದ ಪಪ್ಪನಿಗೆ, "ಅದು ಮಕ್ಕಳಿಗೆ, ಗಿಡಕ್ಕಲ್ಲ" ಎಂದಳು. ಪಪ್ಪ ಎರಡು ಅಂಗಿ ಹಾಕಿಕೊಂಡು ಕೂತು, "ಆ ಗೋಣಿಯಾದರೂ ಈಚೆ ಕೊಡು ಮಾರಾಯ್ತಿ, ನಾನು ಹೊದ್ಕೊಳ್ತೇನೆ" ಅನ್ನುತ್ತಿದ್ದರು. ಖುರುಮ್‌ನ ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ ಏಳಕ್ಕೆ ಬಂದೊಡನೆ ಮಮ್ಮಿ ಡಬ್ಬಿಗೆ ಬೆರಳು ಅದ್ದಿ ನಾಲಿಗೆಗಿಟ್ಟು, ಸಿಹಿ ಎಂದು ಖಾತ್ರಿ ಮಾಡಿಕೊಂಡು, ಗಿಡಕ್ಕೆ ಹೊಯ್ಯುವಳು.

ಮಧ್ಯಾಹ್ನ ಶಾಲೆಯಿಂದ ಬಂದು ಎಸಿ ಕಾಯುವ ಕೆಲಸ ನನ್ನದು. ಒದ್ದೆ ಬೆಡ್‌ಶೀಟುಗಳ ನಡುವೆ ಕೂತು ಲೆಕ್ಕ ಮಾಡುವುದು, ಕೆಮ್ಮುವುದು. ಆಗ ನನಗೆ ಹನ್ನೊಂದು ವರ್ಷ; ಗಿಡದ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಗೊತ್ತಿರಲಿಲ್ಲ. ಒಂದು ದಿನ ಮಮ್ಮಿ ಬರುವ ಹೊತ್ತಿನ ತನಕ ಎಸಿ ಆರಿಸಿಟ್ಟೆ. ಡಬ್ಬಿಯನ್ನು ದಿನವೂ ತುಂಬುವಷ್ಟಕ್ಕೇ, ಒಂದು ಬೆರಳು ಹೆಚ್ಚೂ ಇಲ್ಲದೆ, ನಳ್ಳಿಯ ಉಪ್ಪುನೀರಿನಿಂದ ತುಂಬಿಸಿಟ್ಟೆ. ಮಮ್ಮಿ ಹೊಯ್ದಳು. ಮರುದಿನವೂ ಹಾಗೇ. ಐದು ದಿನ. ಆರನೆಯ ದಿನ ಜ್ವರ ಬಂದು ನಾನು ಮಲಗಿದಾಗ ಮಮ್ಮಿ ತಾನೇ ಎಸಿ ಆರಿಸಿ, ಬಟ್ಟೆಗಳನ್ನು ಬಾಲ್ಕನಿಗೆ ಹಾಕಿದಳು. ಇದ್ದ ಕೆಲವು ಎಲೆಗಳು ಆ ವಾರ ಉದುರಿದವು. ಗೋಣಿಯನ್ನು ಕೊಡವಿ ಮಡಚುತ್ತ "ಖಲಾಸ್" ಎಂದಳು, ಆಫೀಸಿನ ಫೈಲು ಮುಚ್ಚಿದ ಹಾಗೆ. ಊರಿಗೆ ಬಂದು ನೆಲೆಸಿದ ಮೇಲೂ, ಅಂಗಳವಿದ್ದೂ, ಅವಳು ಮಲ್ಲಿಗೆ ನೆಡಲಿಲ್ಲ. ಮಸ್ಕತ್ತಿನ ಗಿಡ ಏನಾಯಿತೆಂದು ಯಾರಾದರೂ ಕೇಳಿದರೆ, "ಅಲ್ಲಿಯ ಚಳಿ" ಎನ್ನುತ್ತಿದ್ದಳು. ನಾನು ಹೇಳಬಹುದಿತ್ತು. ಹೇಳಲಿಲ್ಲ, ಕೊನೆಗೆ ಅವಳನ್ನು ಮಣ್ಣು ಮಾಡಿ ಬಂದೆವು.

ಈಗ ತಗಡಿನ ಶಬ್ದ ಕೇಳುವಾಗ ಕಿರಿಕಿರಿ ಮಾಡುವುದು ಒಂದೇ ಪ್ರಶ್ನೆ. ಆ ಐದು ದಿನ ಮಮ್ಮಿ ನೀರಿನ ರುಚಿ ನೋಡಿದಳೇ? ನೋಡಿದ್ದರೆ ಉಪ್ಪು ತಿಳಿಯದೆ ಇರಲಿಲ್ಲ. ತಿಳಿದೂ ಹೊಯ್ದಿದ್ದರೆ, ನನ್ನ ಕೆಮ್ಮು ಕೇಳಿ, ಇದ್ದ ಒಂದು ಗಿಡವನ್ನು ಬಿಟ್ಟುಕೊಟ್ಟಳು ಅನ್ನಬೇಕಾಗುತ್ತದೆ. ಇದು ಎಷ್ಟು ಚಂದವಾಗಿದೆಯೆಂದರೆ ನನಗೆ ನಂಬಿಕೆಯೇ ಬರುವುದಿಲ್ಲ. ಅಣ್ಣನ ಹೂಗಳ ಹಾಗೆ ನಾನು ಕಟ್ಟಿಕೊಂಡದ್ದೂ ಇರಬಹುದು. ಜ್ವರದ ದಿನ ನನ್ನ ಎದೆಗೆ ಮುಲಾಮು ತಿಕ್ಕಿದ ಅವಳ ಬೆರಳು ನೆನಪಿದೆ. ಅದಕ್ಕೆ ಮೊದಲಿನ ಐದು ಸಂಜೆ ಆ ಬೆರಳು ಡಬ್ಬಿಗೆ ಇಳಿಯಿತೋ ಇಲ್ಲವೋ, ಎಷ್ಟು ತಡಕಿದರೂ ಕಾಣುವುದಿಲ್ಲ.