ಬಾಗಿಲ ಮೇಲಿನ ರಿಸಾಲ್ದಾರ್

ಅಪ್ಪ ಟ್ಯಾಂಕ್ ರೆಜಿಮೆಂಟಿನಲ್ಲಿ ದಫೇದಾರರಾಗಿದ್ದರು. ಕುದುರೆ ಹೋಗಿ ಟ್ಯಾಂಕು ಬಂದು ಎಷ್ಟೋ ಕಾಲವಾದರೂ ಅಲ್ಲಿ ಹೆಸರುಗಳು ಮಾತ್ರ ಅಶ್ವದಳದವೇ. ಬೇರೆ ಕಡೆಯ ಸಿಪಾಯಿ ಅಲ್ಲಿ ಸವಾರ, ಹವಾಲ್ದಾರ ಅಲ್ಲಿ ದಫೇದಾರ. ಅದರ ಮೇಲಿನ ಮೆಟ್ಟಿಲು ನಾಯಬ್ ರಿಸಾಲ್ದಾರ್. ಆ ಮೆಟ್ಟಿಲು ಹತ್ತಿದವನನ್ನು ಕರ್ನಲ್ ಕೂಡ ‘ಸಾಬ್’ ಎಂದೇ ಕರೆಯುತ್ತಾನೆ. ದಫೇದಾರನಿಗೆ ಆ ಭಾಗ್ಯವಿಲ್ಲ. ಅಪ್ಪನ ಸರದಿ ಇನ್ನೇನು ಬರುತ್ತದೆ ಎನ್ನುವಾಗ ಅವ್ವನ ಕಾಯಿಲೆ ಜೋರಾಯಿತು. ಅವರು ನೌಕರಿ ಬಿಟ್ಟು ಮನೆಗೆ ಬಂದರು. ಎರಡು ವರ್ಷಕ್ಕೆ ಅವ್ವ ಹೋದಳು.

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಫ್ಲ್ಯಾಟ್ ತಗೊಂಡಾಗ ನಾನೊಂದು ಅಧಿಕಪ್ರಸಂಗ ಮಾಡಿದೆ. ಅಪ್ಪನ ಹೆಸರಿನ ಹಿತ್ತಾಳೆ ಫಲಕ ಮಾಡಿಸಿ, ಹೆಸರಿನ ಹಿಂದೆ ‘ನಾಯಬ್ ರಿಸಾಲ್ದಾರ್’ ಎಂದು ಸೇರಿಸಿದೆ. ಸೊಸೈಟಿಯಲ್ಲಿ ಯಾರು ಕೇಳುತ್ತಾರೆ? ನಮ್ಮ ಸೆಕ್ರೆಟರಿಗಂತೂ ಮೀಸೆ ಇದ್ದ ಮಿಲಿಟರಿಯವರೆಲ್ಲ ಮೇಜರ್‌ಗಳೇ.

ಫಲಕ ಹಾಕಿಸಿದ ದಿನ ಅಪ್ಪ ಪೆನ್ಶನ್ ಕೆಲಸಕ್ಕೆಂದು ಪಕ್ಕದ ಕಲ್ಯಾಣಕ್ಕೆ ಹೋಗಿದ್ದರು. ಬರುವಾಗ ಅಲ್ಲಿ ಸಿಕ್ಕ ಹಳೆಯ ಗೆಳೆಯರೊಬ್ಬರನ್ನು ಕರೆತಂದರು. ಅಪ್ಪನ ಕೈಯಲ್ಲಿ ಟ್ಯಾಂಕ್ ಓಡಿಸಲು ಕಲಿತವರು, ಮುಂದೆ ನಿಜವಾದ ರಿಸಾಲ್ದಾರ್ ಆದವರು. ಈಗ ಭಿವಂಡಿಯ ಗೋದಾಮೊಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಫಲಕ ಮೊದಲು ಕಂಡದ್ದು ಅವರಿಗೇ. ನಿವೃತ್ತಿಯ ನಂತರ ಗೌರವಕ್ಕೆಂದು ಪದವಿ ಕೊಡುವುದುಂಟು, ಹಾಗೇ ಬಂದಿರಬೇಕೆಂದುಕೊಂಡರು. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, “ಮುಬಾರಕ್ ಹೋ, ಸಾಬ್” ಎಂದು ಅಭಿನಂದಿಸಿದರು.

ಅಪ್ಪ ಫಲಕ ಓದಿದರು. ಮುಖ ಕಪ್ಪಿಟ್ಟಿತು.

“ನಹೀ ಸಾಬ್. ಸಾಬ್ ಆಪ್ ಹೈ. ಮೈ ದಫೇದಾರ್ ಹೂಂ.”

ನನ್ನಿಂದ ಸ್ಕ್ರೂಡ್ರೈವರ್ ತರಿಸಿಕೊಂಡು, ಅತಿಥಿಯ ಎದುರೇ ಫಲಕ ಬಿಚ್ಚಿದರು. ಗೆಳೆಯರು ಚಹಾ ಅರ್ಧ ಕುಡಿದು ಹೊರಟರು. ನನಗೆ ಅವಮಾನಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

“ಇನ್ನೆರಡು ವರ್ಷ ಅಲ್ಲೇ ಇದ್ದಿದ್ರ ಸಿಗ್ತಿತ್ತಲ್ಲಪಾ? ನಾ ಬರಸಿದ್ದರಾಗ ತಪ್ಪೇನೈತಿ?” ಎಂದೆ.

ಅಪ್ಪ ಸ್ಕ್ರೂಗಳನ್ನು ಒಂದೊಂದಾಗಿ ನನ್ನ ಕೈಗೆ ಹಾಕಿದರು.

“ಆ ಎರಡು ವರ್ಷ ನಾ ನಿಮ್ಮವ್ವನ ಹತ್ರ ಇದ್ದೆ. ನೀ ಹಿಂಗ ಬರಸಿದ್ರ, ಆಕಿ ಹತ್ರ ನಾ ಇರ್ಲೇ ಇಲ್ಲ ಅಂದಂಗ ಆಗ್ತೈತಿ.”