ಓಣಿ ಎಣಿಸಿದ ದಿನಗಳು

ನನ್ನ ಮೊಮ್ಮಗಳು ತನ್ನ ತಿಂಗಳ ದಿನಗಳನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಮಗು ಬೇಕೆಂದರೆ ಯಾವ ದಿನ ಒಳ್ಳೆಯದು ಎಂದು ಅದೇ ಹೇಳುತ್ತದಂತೆ. "ನಿಮ್ಮ ಕಾಲದಾಗ ಇದೆಲ್ಲಾ ಎಲ್ಲಿತ್ತಜ್ಜಿ" ಎಂದು ಅವಳು ಕನಿಕರ ತೋರಿಸಿದಾಗ ನನಗೆ ನಗು ಬಂತು. ಇತ್ತು ತಾಯಿ. ಆ ಕೆಲಸವನ್ನು ಮಕ್ತಲ್ ಊರಿನ ನಮ್ಮ ಇಡೀ ಓಣಿ ನನಗೆ ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು.

ಹೇಗೆಂದರೆ, ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂಡುತ್ತಿದ್ದೆ. ಹಿತ್ತಲ ಬಾಗಿಲ ಪಕ್ಕ ಒಂದು ಚಾಪೆ, ಒಂದು ತಂಬಿಗೆ, ನಾನು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸುತ್ತ ನಿಂತರೆ, ಎದುರಿನ ಬಾವಿಗೆ ಬಂದ ಹೆಂಗಸರೆಲ್ಲ ಲೆಕ್ಕ ಹಿಡಿದುಕೊಂಡು ಹೋಗುವರು. ಮುಂದಿನ ತಿಂಗಳು ಒಂದೆರಡು ದಿನ ತಡವಾಯಿತೋ, ಕೊಡ ಕೆಳಗಿಟ್ಟು ನನ್ನ ಮುಖ ನೋಡುವರು. ಆಮೇಲೆ ನಾನು ಚಾಪೆ ಹಾಸಿದರೆ ಅವರ ಮುಖ ನನ್ನದಕ್ಕಿಂತ ಸಣ್ಣದಾಗುತ್ತಿತ್ತು. ನನ್ನ ದುಃಖವನ್ನು ನಾನು ಪಡುವುದಕ್ಕೂ ಸರದಿ ಕಾಯಬೇಕಾಗಿತ್ತು.

ದುಃಖವಂತೂ ಇತ್ತು. ಮದುವೆಯಾಗಿ ವರ್ಷಗಳಾದರೂ ಮಗುವಿಲ್ಲವೆಂದು ಮಾವನವರು ಪಕ್ಕದ ನಾರ್ವ ಊರಿನಲ್ಲಿ ಒಂದು ಹುಡುಗಿ ನೋಡಿಟ್ಟಿದ್ದರು, ನನ್ನ ಗಂಡನಿಗೇ. ಬರುವ ದೀಪಾವಳಿಯೊಳಗೆ ಏನೂ ಆಗದಿದ್ದರೆ ಎರಡನೆಯ ಮದುವೆ. ಮಾವ ಕೆಟ್ಟವರಲ್ಲ, ಪುರೋಹಿತರು. ಎಲ್ಲದಕ್ಕೂ ಒಂದು ಮುಹೂರ್ತವಿರುತ್ತದೆ, ನನ್ನದು ಮುಗಿಯುತ್ತ ಬಂದಿದೆ ಎಂದು ನಂಬಿದ್ದರು, ಅಷ್ಟೆ. ನನಗೆ ಮಾತ್ರ ಆ ಹುಡುಗಿ ನನ್ನ ಸೀರೆ ಉಟ್ಟು ಮನೆಯೆಲ್ಲ ಓಡಾಡಿದಂತೆ ಕಣ್ಣಿಗೆ ಕಟ್ಟುತ್ತಿತ್ತು.

ಮಾವನವರಿಗೆ ಈ ಮುಹೂರ್ತದ ಹುಚ್ಚು ಹತ್ತಿದ್ದು, ಹೊತ್ತುಗೊತ್ತು ನೋಡದ ಅವರ ತಾಯಿ ಗೋದಾಬಾಯಿಯಿಂದ. ನಾನು ಮನೆ ಸೇರುವ ಮೊದಲೇ ಆಕೆ ತೀರಿಕೊಂಡಿದ್ದರು. ಮದುವೆಗೆ ಹೋದರೆ ಉಂಡವರು ಕೈ ತೊಳೆಯುವಾಗ ತಲುಪುತ್ತಿದ್ದರಂತೆ. ರಾಹುಕಾಲದಲ್ಲೇ ಬಂಡಿ ಹೂಡಿಸುತ್ತಿದ್ದರಂತೆ. ಮಗನನ್ನು ಹೆತ್ತದ್ದೂ ಅಮಾವಾಸ್ಯೆಯ ದಿನ. ಅದನ್ನು ಮಾವ ಇನ್ನೂ ಮರೆತಿರಲಿಲ್ಲ.

ನಮ್ಮವರು ಗದ್ವಾಲಿನ ಒಂದು ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ರಾಜ್ಯವಾದ್ದರಿಂದ ರಜೆ ಶುಕ್ರವಾರ. ನಡುವೆ ಕೃಷ್ಣೆ, ಹರಿಗೋಲಿನಲ್ಲಿ ದಾಟಬೇಕು. ವಾರವಾರ ಬರುವ ಮಾತಿಲ್ಲ. ಹಾಗಾಗಿ ನಾನು ನೀರು ಹಾಕಿಕೊಂಡ ದಿನ ನಮ್ಮತ್ತೆ ಗದ್ವಾಲಿಗೆ ಹೊರಟ ಸೀರೆ ವ್ಯಾಪಾರಿಯ ಕೈಯಲ್ಲಿ ಹೇಳಿ ಕಳಿಸುವರು: ತಾಯಿಗೆ ಆರಾಮಿಲ್ಲ, ಬಾ. ಅವನು ಕಚೇರಿಯ ಬಾಗಿಲಲ್ಲೇ ನಿಂತು, "ಸ್ವಾಮ್ಯಾರ, ನಿಮ್ಮ ತಾಯಿಯವರಿಗೆ ಮತ್ತ ತಬಿಯತ್ ಖರಾಬ್ ಐತ್ರಿ, ಬರಾಕ ಹೇಳ್ಯಾರ್ರಿ" ಎಂದು ಕೂಗಿ ಹೇಳುವನು. ನಮ್ಮವರು ತಲೆ ತಗ್ಗಿಸಿ ರಜೆ ಕೇಳಿದರೆ ಸಾಹೇಬರು, "ಹೋಗಿ ಬರ್ರಿ. ಈ ಸಲಾನಾದ್ರೂ ತಾಯಿಗೆ ಗುಣ ಆಗ್ಲಿ" ಎನ್ನುತ್ತಿದ್ದರಂತೆ.

ಆ ಬೇಸಿಗೆಯಲ್ಲಿ ಅತ್ತೆ, ಮಾವನವರಿಗೆ ಮಂತ್ರಾಲಯಕ್ಕೆಂದು ಹೇಳಿ, ನನ್ನನ್ನು ರಾಯಚೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಗಂಡ ಯಾವಾಗ ಬರುತ್ತಾರೆ ಎಂದು ಆಕೆ ನನ್ನನ್ನು ಕೇಳಿದರೆ ಅತ್ತೆಯೇ ಉತ್ತರ ಕೊಟ್ಟರು. "ನೀರು ಹಾಕ್ಕೊಂಡ ಕೂಡ್ಲೆ ಬಂದು, ಎರಡು ದಿನ ಇದ್ದು ಹೋಗ್ತಾನ್ರಿ."

"ಅಷ್ಟು ಲಗೂ ಬಂದು ಏನು ಮಾಡ್ತಾರ್ರಿ?" ಎಂದರು ಡಾಕ್ಟರಮ್ಮ. "ಹೆಣ್ಣಿನ ಬೀಜ ಬಿಡೋದು ಮುಂದಿನ ಮುಟ್ಟಿಗೆ ಸುಮಾರು ಹದಿನೈದು ದಿನ ಇರೋಮುಂದ. ಆ ದಿನ, ಅದಕ್ಕ ಮುಂಚಿನ ನಾಕೈದು ದಿನ, ಅಷ್ಟ. ಆಗಲೂ ಪ್ರತಿ ತಿಂಗಳು ನಿಂತೇ ನಿಲ್ತದಂತ ಹೇಳ್ಲಿಕ್ಕಾಗಂಗಿಲ್ಲ. ಮುಂದಿನ ಮುಟ್ಟು ಯಾವಾಗ ಅಂತ ಅಂದಾಜು ಸಿಗಬೇಕಂದ್ರ ಹಿಂದಿನ ತಿಂಗಳುಗಳ ಲೆಕ್ಕ ಬೇಕು."

"ಅದಕ್ಕೇನ್ರಿ, ಲೆಕ್ಕಕ್ಕ ನಮ್ಮ ಓಣಿನ ಅದ" ಎಂದರು ಅತ್ತೆ.

ಇಷ್ಟು ವರ್ಷ ನಮ್ಮವರು ರೈಲು ಬರುವ ಮೊದಲೇ ಸ್ಟೇಷನ್ನಿನಿಂದ ಮನೆಗೆ ಹೋಗುತ್ತಿದ್ದರು ಎಂದಾಯಿತು. ಇನ್ನೇನು, ದಿನ ಸರಿಪಡಿಸಿಕೊಂಡರೆ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಡಾಕ್ಟರಮ್ಮ ಹೇಳಿದ ದಿನಗಳಲ್ಲಿ ಏಕಾದಶಿ ಬೇಡ, ಹುಣ್ಣಿಮೆ ಬೇಡ, ಅಮಾವಾಸ್ಯೆ ಬೇಡ, ಶ್ರಾದ್ಧದ ಹಿಂದುಮುಂದು ಬೇಡ. ಮಾವನವರ ಪಂಚಾಂಗ ಬಿಟ್ಟುಕೊಟ್ಟ ದಿನ ಸಾಹೇಬರು ರಜೆ ಕೊಡುತ್ತಿರಲಿಲ್ಲ. ಸಾಹೇಬರು ಕೊಟ್ಟರೆ ಕೃಷ್ಣೆ ದಾರಿ ಕೊಡುತ್ತಿರಲಿಲ್ಲ.

ಭಾದ್ರಪದದಲ್ಲಿ ನಮ್ಮವರು ಅನಂತನ ವ್ರತಕ್ಕೆಂದು ಬಂದರು. ಅವರು ಬಂದಾಗ ನಾನು ಚಾಪೆಯ ಮೇಲೆ. ಅಷ್ಟರಲ್ಲೇ ನಿಜಾಮರ ಮೇಲೆ ಪೊಲೀಸ್ ಕಾರ್ಯಾಚರಣೆ ಶುರುವಾಗಿತ್ತು. ಕಚೇರಿ ಬಂದ್, ಹೊಳೆ ತುಂಬಿತ್ತು, ಹರಿಗೋಲಿನವರು ಹರಿಗೋಲು ಬೋರಲು ಹಾಕಿ ಕೂತರು. ನಾಲ್ಕೇ ದಿನದಲ್ಲಿ ನಿಜಾಮರ ರಾಜ್ಯ ಹೋಯಿತು, ಆದರೆ ಭಯ ಹೋಗಲಿಲ್ಲ. ಯಾರಿಗೆ ಯಾರ ಭಯ ಎಂಬುದೇ ತಿಳಿಯದ ದಿನಗಳು. ನಮಗೆ ಏನೂ ಆಗಲಿಲ್ಲ. ಎಲ್ಲರಿಗೂ ಹಾಗಿರಲಿಲ್ಲ, ಅದನ್ನು ನೆನೆದರೆ ಈಗಲೂ ನನ್ನ ನಗು ಅರ್ಧಕ್ಕೆ ನಿಲ್ಲುತ್ತದೆ.

ಹುಣ್ಣಿಮೆಯಂದು ನಾನು ನೀರು ಹಾಕಿಕೊಂಡೆ. ಮರುದಿನ ಪಿತೃಪಕ್ಷ. ತೀರಿಹೋದ ಹಿರಿಯರು ಮನೆಗೆ ಬರುವ ಕಾಲ, ಗಂಡಹೆಂಡಿರು ಅಮಾವಾಸ್ಯೆಯವರೆಗೂ ದೂರವಿರಬೇಕು. ಮಾವ ಮಗನ ಹಾಸಿಗೆಯನ್ನು ಪಡಸಾಲೆಯಲ್ಲಿ ತಮ್ಮ ಪಕ್ಕಕ್ಕೇ ಹಾಕಿಸಿದರು. ಹೊರಗಿನ ಭಯಕ್ಕೆ ಹೆಂಗಸರು ಜೋಳದ ಚೀಲ ಇಡುವ ಕೋಣೆಯಲ್ಲಿ ಅಗಳಿ ಹಾಕಿಕೊಂಡು ಮಲಗಬೇಕೆಂದೂ ಅಪ್ಪಣೆಯಾಯಿತು. ಒಂದು ವಾರ ಹಾಗೇ ನಡೆಯಿತು. ಆಮೇಲೆ, ಡಾಕ್ಟರಮ್ಮ ಹೇಳಿದ ದಿನಗಳು ಬಂದಾಗ, ಒಂದು ಸಂಜೆ ನಮ್ಮತ್ತೆಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು.

"ಜ್ವಾಳದ ದೂಳು ನನಗ ಆಗಂಗಿಲ್ರಿ. ಕೆಮ್ಮಿದ್ರ ಓಣಿತನಾ ಕೇಳ್ತದ" ಎಂದರು ಮಾವನವರಿಗೆ. "ಹಂಗಂತ ಸೊಸಿನ್ನ ಒಬ್ಬಾಕಿನ್ನ ಬಿಡ್ಲಿಕ್ಕಾಗ್ತದೇನು? ಕಾಯ್ಲಿಕ್ಕೆ ಒಬ್ಬ ಗಂಡಸು ಬೇಕು."

ಮಾವ ಯೋಚಿಸಿ ಯೋಚಿಸಿ ಮಗನಿಗೆ, "ದೂರ ಮಲ್ಕೋ" ಎಂದರು. ಆ ಕೋಣೆಯಲ್ಲಿ ದೂರ ಎಂಬುದಕ್ಕೆ ಜಾಗವಿದ್ದರಲ್ಲವೆ? ಅಮಾವಾಸ್ಯೆಯ ಮರುದಿನವೇ ಹೊಳೆ ಇಳಿಯಿತು, ನಮ್ಮವರು ಗದ್ವಾಲಿಗೆ ಹೋದರು.

ದಸರೆಗೆ ನಾನು ಚಾಪೆ ಹಾಸಲಿಲ್ಲ. ದೀಪಾವಳಿಗೂ ಹಾಸಲಿಲ್ಲ. ನಾರ್ವದ ಹುಡುಗಿಗೆ ಬೇರೆ ಒಳ್ಳೆಯ ಕಡೆ ಮದುವೆಯಾಯಿತು. ಆ ಸುದ್ದಿ ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಆದರೆ ಬಸಿರಿನ ಖುಷಿಯ ಒಳಗೇ ಒಂದು ಅಂಜಿಕೆ ಕೂತಿತ್ತು. ಓಣಿಗೆ ಮುಂದಕ್ಕೆ ಎಣಿಸಲು ಬರುತ್ತಿದ್ದಂತೆ ಹಿಂದಕ್ಕೆ ಎಣಿಸಲೂ ಬರುತ್ತಿತ್ತು.

ಜ್ಯೇಷ್ಠದಲ್ಲಿ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ, ತುಂಬಿದ ಮನೆಯಲ್ಲಿ, ಪಕ್ಕದ ಮನೆಯ ತುಂಗಾಬಾಯಿ ಬೆರಳ ಗೆಣ್ಣು ಮುಟ್ಟುತ್ತ ಹಿಂದಕ್ಕೆ ಹೊರಟೇಬಿಟ್ಟರು. ವೈಶಾಖ, ಚೈತ್ರ, ಫಾಲ್ಗುಣ... ಭಾದ್ರಪದಕ್ಕೆ ಬಂದು ಬೆರಳು ನಿಂತಿತು. "ಅಲ್ರಿ, ಹುಣ್ಣಿವಿಗೆ ಈಕಿ ನೀರು ಹಾಕ್ಕೊಂಡ್ಳು. ಅಮಾಸಿ ಮರುದಿನಾನ ಅವ್ರು ಊರಿಗೆ ಹೋದ್ರು. ಹಂಗಾದ್ರ ನಡುವ..." ಪಡಸಾಲೆಯಲ್ಲಿ ಮಾವ ಪಂಚಾಂಗ ಮಡಚಿದ ಸದ್ದು ಕೇಳಿತು.

ಅತ್ತೆ ತೊಟ್ಟಿಲ ಹಗ್ಗ ಬಿಡದೆ, ಪಡಸಾಲೆಗೆ ಕೇಳುವಂತೆ ಹೇಳಿದರು. "ಪಿತೃಪಕ್ಷದಾಗ ಹಿರೇರು ಮನಿಗೆ ಬರ್ತಾರೋ ಇಲ್ಲೋ, ತುಂಗಾಬಾಯಿ? ಬಂದ್ರು. ಎಲ್ಲಾರೂ ಉಂಡು ಹೋದ್ರು, ನಮ್ಮತ್ತಿ ಒಬ್ರು ಉಳಕೊಂಡ್ರು. ಜೀವ ಇದ್ದಾಗ ಯಾವತ್ತರ ಹೊತ್ತು ನೋಡಿ ಬಂದಾರೇನು ಅವ್ರು, ಈಗ ನೋಡ್ಲಿಕ್ಕೆ?"

ಮಾವ ಎದ್ದು ಬಂದು ತೊಟ್ಟಿಲೊಳಗೆ ಬಗ್ಗಿದರು. ಮಗು ಅವರ ಬೆರಳು ಹಿಡಿದುಕೊಂಡಿತು. ಬೆರಳು ಬಿಡಿಸಿಕೊಳ್ಳದೆಯೇ ಅವರು, "ಗೋದಾ ಅಂತನ ಹೆಸರಿಡ್ರಿ" ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅತ್ತೆ ನನ್ನ ಕಡೆ ನೋಡಿ ಒಮ್ಮೆ ಸಣ್ಣಗೆ ಕೆಮ್ಮಿದರು. ಅಲ್ಲಿ ಜೋಳದ ದೂಳು ಇರಲಿಲ್ಲ.

ಆ ಗೋದಾಳ ಮಗಳೇ ಈ ಫೋನಿನವಳು. ಅವಳ ಫೋನು ದಿನಗಳನ್ನು ಚೆನ್ನಾಗಿಯೇ ಎಣಿಸುತ್ತದೆ, ನಾನು ಅಲ್ಲವೆನ್ನುವುದಿಲ್ಲ. ಸರಿಯಾದ ಹೊತ್ತಿಗೆ ಕೆಮ್ಮುವುದು ಅದಕ್ಕೆ ಬರುತ್ತದೆಯೇ ಎಂದಷ್ಟೇ ಕೇಳಿದೆ.